ಎದುರು ಮಾತಾಡಲಿ ಮಕ್ಕಳು!

"ದೊಡ್ಡವರಿಗೆ ಎದುರು ಮಾತಾಡಬೇಡ!" ಈ ಗದರಿಕೆ ನಮ್ಮ ಮನೆಗಳಲ್ಲಿ ದಿನವೂ ಕೇಳುತ್ತದೆ. ಗಿರಣಿಯ ಮಾಲೀಕ, ಸಂತೆಯ ಅಧಿಕಾರಿ ನಮಗೆ ಹೇಳುವುದೂ ಇದನ್ನೇ ಅಲ್ಲವೇ? ಅಲ್ಲಿ ನ್ಯಾಯ ಕೇಳುವ ನಾವು ಮನೆಗೆ ಬಂದು ಮಾಲೀಕರಾಗುವುದು ಯಾವ ನ್ಯಾಯ?

ಮಕ್ಕಳ ವಿಷಯದಲ್ಲಿ ಮಕ್ಕಳ ಮಾತಿಗೂ ಬೆಲೆಯಿರಬೇಕೆಂದು 1989ರ ವಿಶ್ವಸಂಸ್ಥೆಯ ಒಡಂಬಡಿಕೆ ಸಾರಿತು. 1992ರಲ್ಲಿ ಭಾರತವೂ ಒಪ್ಪಿತು. ಶಾಲೆ ಬಿಡಿಸಿ ಅಂಗಡಿಯಲ್ಲಿ ಕೂರಿಸುವ ಮುನ್ನ ಮಗಳನ್ನು ಒಂದು ಮಾತು ಕೇಳುತ್ತೇವೆಯೇ?

ಎದುರು ಮಾತು ಉದ್ಧಟತನವಲ್ಲ. ಇನ್ನೊಬ್ಬರ ಮಾತನ್ನು ಪೂರ್ತಿ ಕೇಳಿ, ಬೈಯದೆ, "ನಾನು ಒಪ್ಪುವುದಿಲ್ಲ, ಕಾರಣ ಇದು" ಎನ್ನುವುದನ್ನು ಮಗು ಕಲಿಯುವುದು ನಮ್ಮನ್ನು ನೋಡಿಯೇ. ಮನೆಯಲ್ಲಿ ಬಾಯಿ ಮುಚ್ಚಿಸಿಕೊಂಡ ಮಗು ನಾಳೆ ಗಿರಣಿಯಲ್ಲಿ ಕೈಕಟ್ಟಿ ನಿಲ್ಲುತ್ತದೆ. ಗುಲಾಮರನ್ನು ಸಾಕಿದ್ದು ಸಾಕು!