ಮುಯ್ಯಿಗೆ ಮುಯ್ಯಿ ವೈದ್ಯವಾದೀತೆ?

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೆ ಮಾತಿಗೂ ಅರ್ಥಕ್ಕೂ ಹೊಂದಿಕೆ ತಪ್ಪಿದಲ್ಲಿ ಕೆಂಪು ಗೆರೆ ಎಳೆಯುವುದು ನನ್ನ ಕಸುಬು. ಅಂಥ ಗೆರೆಯೊಂದನ್ನು 2021ರ ಅಕ್ಟೋಬರಿನ ಕ್ವಾರಂಟೈನ್ ನಿಯಮಗಳ ಕೆಳಗೆ ಎಳೆಯಬೇಕಾಗಿದೆ.

ಆ ತಿಂಗಳ 4ರಿಂದ ಬ್ರಿಟನ್ ಹೊಸ ಪ್ರಯಾಣ ನಿಯಮ ತಂದಿತು. ಭಾರತದಲ್ಲಿ ಎರಡು ಡೋಸ್ ಕೋವಿಶೀಲ್ಡ್ ಹಾಕಿಸಿಕೊಂಡವನೂ ಅಲ್ಲಿ ಲಸಿಕೆಯನ್ನೇ ಕಾಣದವನ ಸಮ. 10 ದಿನ ಕ್ವಾರಂಟೈನ್. ಕೋವಿಶೀಲ್ಡಾದರೋ ಆಕ್ಸ್‌ಫರ್ಡಿನವರದೇ ಲಸಿಕೆ, ತಯಾರಾದದ್ದು ಪುಣೆಯಲ್ಲಿ. ಅದೇ ಪುಣೆಯಿಂದ 50 ಲಕ್ಷ ಡೋಸ್ ತರಿಸಿಕೊಂಡಿದ್ದ ದೇಶ, ಲಸಿಕೆಗೆ ತಕರಾರಿಲ್ಲ, ನಿಮ್ಮ ಸರ್ಟಿಫಿಕೇಟಿಗೆ ತಕರಾರು ಎಂದಿತು.

ಇದು ಅನ್ಯಾಯವೇ, ನಮ್ಮ ಸರ್ಕಾರ ಪ್ರತಿಭಟಿಸಿದ್ದು ಸರಿಯೇ. ಆದರೆ ಪ್ರತಿಭಟಿಸಿದ ಬಗೆ? ಅದೇ 4ರಿಂದ, ಬ್ರಿಟನ್ನಿನಿಂದ ಬರುವ ಬ್ರಿಟಿಷ್ ಪ್ರಜೆಗಳಿಗೆ, ಲಸಿಕೆ ಆಗಿರಲಿ ಬಿಡಲಿ, ಇಲ್ಲಿಯೂ 10 ದಿನ ಕ್ವಾರಂಟೈನ್! ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತು ಬಂದ ಇಬ್ಬರಲ್ಲಿ ಬ್ರಿಟಿಷ್ ಪಾಸ್‌ಪೋರ್ಟಿನವನಿಗೆ ಈ ಹೊಸ ಕಟ್ಟಳೆ, ಭಾರತದ ಪಾಸ್‌ಪೋರ್ಟಿನವನಿಗೆ ಅದಿಲ್ಲ. ವೈರಾಣುವಿಗೆ ಪಾಸ್‌ಪೋರ್ಟ್ ಓದಲು ಕಲಿಸಿದವರು ಯಾರು, ಸ್ವಾಮಿ? ಅಲ್ಲದೆ ಆ ಪಾಸ್‌ಪೋರ್ಟಿನವರಲ್ಲಿ ಅಲ್ಲಿಯೇ ನೆಲಸಿದ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ಹದಿನೈದು ದಿನದ ರಜೆಯಲ್ಲಿ ಮುಪ್ಪಿನ ತಾಯಿಯನ್ನು ನೋಡಬಂದವನು ಹತ್ತು ದಿನ ಕೋಣೆಯಲ್ಲಿ ಕಳೆದರೆ ತಾಯಿಗೆ ಉಳಿದದ್ದೆಷ್ಟು?

ಬ್ರಿಟನ್ 11ರಿಂದ ಕೋವಿಶೀಲ್ಡಿನವರಿಗೆ ವಿನಾಯಿತಿ ಕೊಟ್ಟಿತು. 13ಕ್ಕೆ ನಾವೂ ನಮ್ಮ ಕಟ್ಟಳೆಯನ್ನು ಹಿಂತೆಗೆದುಕೊಂಡೆವು. ಒಬ್ಬನ ಕ್ವಾರಂಟೈನ್ ಮುಗಿಯುವ ಹೊತ್ತಿಗೆ ನಿಯಮವೇ ಮುಗಿದಿತ್ತು! 4ರಂದು ಆರೋಗ್ಯಕ್ಕೆ ಅವಶ್ಯವಾಗಿದ್ದುದು 13ರಂದು ಅನವಶ್ಯಕವಾದದ್ದು ಹೇಗೆ? ಮೊದಲೇ ಅನವಶ್ಯಕವಾಗಿದ್ದರೆ ಹೇರಿದ್ದೇಕೆ?

ಬಗ್ಗಿಸಿದೆವಲ್ಲ, ಗೆದ್ದೆವಲ್ಲ ಎಂದು ಮೀಸೆ ತಿರುವುವವರಿದ್ದಾರೆ. ಗೆದ್ದದ್ದು ರಾಜತಂತ್ರ, ಸೋತದ್ದು ಜನರ ನಂಬಿಕೆ. ಮುಯ್ಯಿ ಮದುವೆಮನೆಗೆ ಭೂಷಣ. ರಾಜ್ಯ ರಾಜ್ಯಗಳ ನಡುವೆಯೂ ಅದು ಸಲ್ಲಬಹುದು. ಅದಕ್ಕೆ ವೀಸಾ ಇದೆ, ಶುಲ್ಕವಿದೆ. ವೈದ್ಯನ ಹೆಸರು ಹೇಳಿ ಅದನ್ನು ತೀರಿಸಿಕೊಳ್ಳಬಾರದು. ನಾಳೆ ಇನ್ನೊಂದು ಪಿಡುಗು ಬಂದು, ಬಾಗಿಲು ಹಾಕಿಕೊಂಡು ಕೂಡಿರೆಂದು ಸರ್ಕಾರ ಸಾರಿದಾಗ, ಇದು ಯಾರ ಮೇಲಿನ ಮುಯ್ಯಿಯೋ ಎಂದು ಜನ ನಕ್ಕರೆ ತಪ್ಪು ಯಾರದು?

ಮನುಷ್ಯನನ್ನು ಕೂಡಿಹಾಕುವ ಪ್ರತಿಯೊಂದು ಆಜ್ಞೆಯ ಕೆಳಗೂ ಅದರ ವೈದ್ಯಕೀಯ ಕಾರಣವನ್ನೂ, ಅದು ಯಾವಾಗ ಕೊನೆಗೊಳ್ಳುವುದೆಂಬುದನ್ನೂ ಬರೆಯಲಿ. ಬರೆಯಲು ಕಾರಣವೇ ಸಿಕ್ಕದಿದ್ದರೆ ಆಜ್ಞೆಯೂ ಬೇಡ.