ಕಾರಿನ ಸಂಗೀತವೂ ತಂತಿಯ ಕಾವಲೂ

ಕಾರಿನ ಬ್ಯಾಟರಿಯು 12 ವೋಲ್ಟಿನದು, ಮುಟ್ಟಿದರೂ ಜುಮ್ಮೆನ್ನದು. ಆದುದರಿಂದ ಅಪಾಯವಿಲ್ಲವೆಂದು ಅನೇಕ ಗೃಹಸ್ಥರು ಎಣಿಸುವರು. ನಾವು ಇದನ್ನು ಒಪ್ಪಲಾರೆವು. 600 ವಾಟ್ ಸೆಳೆಯುವ ಆಂಪ್ಲಿಫೈಯರಿಗೆ 50 ಆಂಪಿಯರ್ ಪ್ರವಾಹ ಬೇಕು. ಮನೆಯ ದೀಪಕ್ಕೆಳೆಯುವ ತೆಳುತಂತಿಯು ಅದನ್ನು ತಾಳದು. ಫ್ಯೂಜನ್ನು ಆಂಪ್ಲಿಫೈಯರಿನ ಬಳಿಯಲ್ಲಿ ಮಾತ್ರ ಇಡಿಸುವವರೂ ಉಂಟು. ಆಗ ಬ್ಯಾಟರಿಯಿಂದ ಡಿಕ್ಕಿಯವರೆಗಿನ ತಂತಿಗೆ ಕಾವಲೇ ಇಲ್ಲ. ಇಂಜಿನ್ನಿನ ಹಿಂದಣ ತಗಡಿನ ತೂತಿನಲ್ಲಿ ರಬ್ಬರಿನ ಬಳೆಯಿಲ್ಲದೆ ಹೊದಿಕೆ ಸವೆದು, ತಾಮ್ರವು ತಗಡಿಗೆ ತಗುಲಿದರೆ, ನೂರಾರು ಆಂಪಿಯರ್ ಹರಿದು ಕ್ಷಣದಲ್ಲಿ ಬೆಂಕಿಯೇಳಬಹುದು. ಫ್ಯೂಜು ಕಾಯಬೇಕಾದುದು ಮುಖ್ಯವಾಗಿ ತಂತಿಯನ್ನು. ಅದು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರತಕ್ಕದ್ದು. ಫ್ಯೂಜು ಮತ್ತೆ ಮತ್ತೆ ಸುಟ್ಟರೆ ಬೆಳ್ಳಿಕಾಗದ ಸುತ್ತಿಕೊಡುವ ಜಾಣ ಮೇಸ್ತ್ರಿಗಳೂ ಇದ್ದಾರೆ. ಮಕ್ಕಳು ಕುಳಿತು ಹೋಗುವ ಗಾಡಿಯನ್ನು ಅಂಥವರ ಕೈಗೆ ಒಪ್ಪಿಸಬೇಡಿರಿ.