ಶೂನ್ಯ ಟಿಕೆಟ್‌ನ ಬಾಕಿ

ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ನೀಡುವ ರಾಜ್ಯ ಸರ್ಕಾರದ ‘ಶಕ್ತಿ’ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹೆಣ್ಣುಮಕ್ಕಳು ಹುಬ್ಬಳ್ಳಿಗೆ ಕಾಸಿಲ್ಲದೆ ಹೋಗಿಬರುತ್ತಿದ್ದಾರೆ. ಒಳ್ಳೆಯದೇ. ಆದರೆ ಆ ಶೂನ್ಯ ಟಿಕೆಟ್‌ನ ಹಣವನ್ನು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸರ್ಕಾರವೇ ತುಂಬಿಕೊಡಬೇಕು. ಅದು ತಡವಾದಷ್ಟೂ ಡೀಸೆಲ್ ಬಾಕಿ, ನೌಕರರ ಭವಿಷ್ಯನಿಧಿ ಬಾಕಿ ಬೆಳೆಯುತ್ತದೆ. 2025ರ ಜನವರಿಯಲ್ಲಿ ಪ್ರಯಾಣ ದರ ಶೇ 15ರಷ್ಟು ಏರಿತು. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಿಗೆ ಸೇರಿ 2,000 ಕೋಟಿ ರೂಪಾಯಿ ಸಾಲಕ್ಕೂ ಒಪ್ಪಿಗೆ ಸಿಕ್ಕಿತು. ಸಾಲದಿಂದ ಹಳೆ ಬಾಕಿ ತೀರೀತು, ಹೊಸ ಬಸ್ ಬಾರದು. ಇನ್ನು, ಬೆಣ್ಣೆಹಳ್ಳ ಉಕ್ಕಿದರೆ ದಾರಿಯೇ ಕಡಿದುಹೋಗುವ ಎರಿ ಸೀಮೆಯಲ್ಲಿ, ಕಲಘಟಗಿಯ ಕಾಡಂಚಿನ ಹಳ್ಳಿಗಳಲ್ಲಿ ಬಸ್ ಓಡಿಸಿ ಲಾಭ ಎಣಿಸುವುದು ಆಗದ ಮಾತು. ಅಂಥ ಮಾರ್ಗಗಳ ನಷ್ಟವನ್ನು ಶಕ್ತಿಯ ಲೆಕ್ಕದಲ್ಲಿ ಕಲಸದೆ, ಬಜೆಟ್‌ನಲ್ಲಿ ಬೇರೆಯೇ ತೆಗೆದಿಡಬೇಕು. ಶಕ್ತಿಯ ಹಣವಂತೂ ತಿಂಗಳು ತಿಂಗಳು ಸಂಸ್ಥೆಯ ಕೈಸೇರಲಿ.